ಗ್ರಹಣ ಕಂಡ ತರಗತಿ

“ಈವತ್ತೇ ಯಾಕೆ ಬರ್ಬೇಕಿತ್ತು ಇವ್ನು?”

ಡೋರೀನ್ ಕರ್ಶಾ ಇದನ್ನು ಯಾರನ್ನೂ ಉದ್ದೇಶಿಸಿ ಕೇಳಿದ್ದಲ್ಲ. ಅವಳ ಎದುರಿಗೆ ಇದ್ದದ್ದು ಪ್ಲೈವುಡ್ ಗೋಡೆಯೊಂದರ ಬೆನ್ನು. ಆಚೆ ಬದಿಗೆ ಅದು ಇಟ್ಟಿಗೆಯ ಶಾಲೆ, ಕಿಟಕಿ, ಕಪ್ಪುಹಲಗೆ. ಈಚೆ ಬದಿಗೆ ಬರೀ ಮರದ ಪಟ್ಟಿ, ಮೊಳೆ, ಬಡಗಿ ಗೀಚಿಟ್ಟ ಗುರುತು. ಕೈಯಲ್ಲಿದ್ದ ಚಹಾ ಆರಿ ಕೆನೆಗಟ್ಟಿತ್ತು. ಕುಡಿಯಲು ಮನಸ್ಸಿಲ್ಲ, ಇಡಲು ಜಾಗವಿಲ್ಲ. ಲೋಟ ಹಿಡಿದುಕೊಂಡೇ ಗೋಡೆಯ ಈ ತುದಿಯಿಂದ ಆ ತುದಿಗೆ ನಡೆದಳು. ನೆಲದ ಮೇಲೆ ಸುತ್ತಿ ಬಿದ್ದಿದ್ದ ಕ್ಯಾಮೆರಾ ತಂತಿಗಳನ್ನು ದಾಟಿ ವಾಪಸು ಬಂದಳು. ಮತ್ತೆ ಹೋದಳು.

ಅವಳು ಬರೆಯುತ್ತಿದ್ದ “ಸದ್ದು, ಸದ್ದು” ಎಂಬ ಹಾಸ್ಯ ಧಾರಾವಾಹಿ ಗುರುವಾರ ಸಂಜೆ ಟೀವಿಯಲ್ಲಿ ಬರುತ್ತಿತ್ತು. ಪ್ರತಿ ಕಂತನ್ನೂ ಸ್ಟುಡಿಯೋದಲ್ಲಿ ಜನರನ್ನು ಕೂರಿಸಿ ಅವರ ಮುಂದೆ ಆಡಿ, ಅವರ ನಗುವನ್ನೂ ಸೇರಿಸಿ ಚಿತ್ರಿಸುತ್ತಿದ್ದರು. ಅದರ ನಾಯಕ ಮಿಸ್ಟರ್ ಬಿಬ್ಬಿ ಎಂಬ ಮೇಷ್ಟ್ರು. ಪಾಠ ಬಾರದವನೇನಲ್ಲ; ಪಾಠಕ್ಕೆ ಹೊರಟಾಗಲೆಲ್ಲ ಏನಾದರೊಂದು ಆಗಿಬಿಡುವಂಥವನು. ಭೂಪಟ ಬಿಚ್ಚಿದರೆ ಅದು ಅವನ ತಲೆಗೇ ಸುತ್ತಿಕೊಳ್ಳುತ್ತದೆ. ತುಂಟನೊಬ್ಬನನ್ನು ತರಗತಿಯಿಂದ ಹೊರಗೆ ಹಾಕಲು ಹೋಗಿ, ತಾನೇ ಹೊರಗೆ ನಿಂತು ಬಾಗಿಲು ಬಡಿಯುತ್ತಾನೆ. ಇಡೀ ಇಂಗ್ಲೆಂಡು ಅವನನ್ನು ನೋಡಿ ನಗುತ್ತಿತ್ತು. ಇಂಗ್ಲೆಂಡಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಆ ಬಿಬ್ಬಿ ಮೇಷ್ಟ್ರು ದಿನಾ ಸಂಜೆ ಓಲ್ಡ್‌ಹ್ಯಾಮಿನ ಒಂದು ಸಾಲುಮನೆಗೆ ಬಂದು, ಒದ್ದೆ ಬೂಟು ಕಳಚಿ, ಡೋರೀನಳ ಎದುರಿಗೆ ಕೂತು ಆಲೂಗಡ್ಡೆ ಪೈ ತಿನ್ನುತ್ತಿದ್ದ ಎಂಬುದು.

ಅವಳ ಗಂಡ ವಿಲ್ಫ್ರೆಡ್ ಭೂಗೋಳದ ಮೇಷ್ಟ್ರು. ಆ ದಿನ ಶಾಲೆಯಲ್ಲಿ ಏನೇನು ಎಡವಟ್ಟಾಯಿತು ಎಂಬುದನ್ನು ಊಟದ ಹೊತ್ತಿಗೆ ಒಂದೂ ಬಿಡದೆ ಹೇಳುತ್ತಿದ್ದ. ಹೇಳುತ್ತ ತಾನೇ ಮೊದಲು ನಗುತ್ತಿದ್ದ. “ಬರ್ಕೋ, ಬರ್ಕೋ. ಹೋಗೋಕೆ ನನ್ನ ಹತ್ರ ಮಾನ ಉಳಿದಿದ್ರೆ ತಾನೇ,” ಎನ್ನುತ್ತಿದ್ದ. ಶಾಲೆಯ ಹುಡುಗರು ಬೆನ್ನ ಹಿಂದೆ “ಬಿಬ್ಬಿ” ಎಂದು ಕೂಗಿದರೆ, ಹೆಸರು ಕರೆದರೇನೋ ಎಂಬಂತೆ ತಿರುಗಿ ನೋಡುತ್ತಿದ್ದ. ಎಲ್ಲವನ್ನೂ ಕೊಟ್ಟಿದ್ದ. ಒಂದನ್ನು ಮಾತ್ರ ಬೇಡ ಎಂದಿದ್ದ.

ಅದು ಗ್ರಹಣದ ಕತೆ. ಕಳೆದ ವಸಂತದಲ್ಲಿ ಒಂದು ಬೆಳಿಗ್ಗೆ ಸೂರ್ಯಗ್ರಹಣವಿತ್ತು. ವಿಲ್ಫ್ರೆಡ್ ತರಗತಿಯ ಪ್ರತಿ ಮಗುವಿಗೂ ಸೂಜಿತೂತಿನ ರಟ್ಟು ಮಾಡಿಟ್ಟಿದ್ದ. ಆ ತೂತಿನಿಂದ ಇಳಿದ ಬಿಸಿಲನ್ನು ಇನ್ನೊಂದು ರಟ್ಟಿನ ಮೇಲೆ ಬೀಳಿಸಿದರೆ ಸೂರ್ಯನ ಮುಖ ಅದರಲ್ಲಿ ಮೂಡುತ್ತದೆ. ಪಂಚಾಂಗದಲ್ಲಿ ಹತ್ತು ಗಂಟೆಗೆ ಎಂದಿತ್ತು. ಹತ್ತಕ್ಕೆ ಸರಿಯಾಗಿ ಎಲ್ಲರನ್ನೂ ಅಂಗಳಕ್ಕೆ ಇಳಿಸಿದ. ಆ ಊರಿಗೆ ಅಪರೂಪವೆಂಬಂತೆ ಮೋಡವೂ ಇರಲಿಲ್ಲ. ಸೂರ್ಯ ದುಂಡಗೆ, ಇಡಿಯಾಗಿ, ತನಗೇನೂ ಆಗಬೇಕಾಗಿಲ್ಲ ಎಂಬಂತೆ ಕೂತಿದ್ದ. ಮಕ್ಕಳು ಚಳಿಗಾಳಿಯಲ್ಲಿ ಪೀರಿಯಡ್ ಮುಗಿಯುವ ತನಕ ನಿಂತು, ಗಂಟೆ ಹೊಡೆದ ಮೇಲೆ ಗಣಿತಕ್ಕೆ ಹೋದರು. ವಸಂತ ಬಂತೆಂದರೆ ನಾಡಿನವರೆಲ್ಲ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳುತ್ತಾರೆ. ಪಂಚಾಂಗ ಬರೆಯುವವರು ಮಾತ್ರ ತಿರುಗಿಸುವುದಿಲ್ಲ; ಅವರ ಹತ್ತು ಗಂಟೆ ಎಂದರೆ ಶಾಲೆಯ ಗಡಿಯಾರದಲ್ಲಿ ಹನ್ನೊಂದು. ವರ್ಷಾನುವರ್ಷ ಭೂಗೋಳ ಕಲಿಸಿದವನಿಗೆ ಇದು ಹೊಳೆದದ್ದು ಖಾಲಿ ಅಂಗಳದಲ್ಲಿ, ರಟ್ಟುಗಳ ಕಟ್ಟನ್ನು ಎದೆಗವಚಿಕೊಂಡು ನಿಂತಿದ್ದಾಗ, ಸುತ್ತಲಿನ ಬಿಸಿಲು ತೆಳ್ಳಗಾಗತೊಡಗಿದ ಮೇಲೆ.

ಮಧ್ಯಾಹ್ನ ತರಗತಿಗೆ ಹೋಗಿ, ತಪ್ಪಾಯಿತು ಎನ್ನಲು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನಿಂದ ಯಾರೋ ಹೇಳಿದರು: “ನಾವ್ ನೋಡಿದ್ವಿ ಸಾರ್. ಗಣಿತದ ಕ್ಲಾಸಿನ ಕಿಟಕೀಲಿ. ಭಾರಿ ಚೆನ್ನಾಗಿತ್ತು.” ಇಡೀ ತರಗತಿ ಹೌದು, ಹೌದು ಎಂದಿತು. ಯಾವತ್ತೂ ಯಾವ ಮಾತಿಗೂ ಒಮ್ಮತಕ್ಕೆ ಬಾರದ ತರಗತಿ ಅದು. ಗಣಿತದ ಕೋಣೆಯ ಕಿಟಕಿಗಳೆಲ್ಲ ಉತ್ತರ ದಿಕ್ಕಿಗಿದ್ದವು. ಶಾಲೆ ಕಟ್ಟಿದಂದಿನಿಂದ ಆ ಹೊತ್ತಿನಲ್ಲಿ ಅಲ್ಲಿಗೆ ಬಿಸಿಲು ಬಿದ್ದದ್ದಿಲ್ಲ, ಸೂರ್ಯ ಕಂಡದ್ದಿಲ್ಲ.

ವಿಲ್ಫ್ರೆಡ್, “ಹಾಗಾದ್ರೆ ಚಿತ್ರ ಬರೀರಿ,” ಎಂದನಂತೆ. ತಾವು ಕಾಣದ ಗ್ರಹಣವನ್ನು ಮಕ್ಕಳು ಬರೆದವಂತೆ. ಒಬ್ಬೊಬ್ಬರದು ಒಂದೊಂದು ಥರ. ಒಬ್ಬಳು ಸೂರ್ಯನಿಗೆ ಮೀಸೆಯನ್ನೂ ಇಟ್ಟಿದ್ದಳು.

ಇದನ್ನು ಹೇಳುವಾಗ ಮಾತ್ರ ಅವನು ನಗಲಿಲ್ಲ. “ಗಡಿಯಾರದ್ದು ಬೇಕಾದ್ರೆ ಬರ್ಕೋ ಕಣೇ. ಅದು ನನ್ನ ದಡ್ಡತನ. ಆಮೇಲಿಂದು ಬೇಡ. ನಂಗೆ ಗೊತ್ತಾಯ್ತು ಅಂತ ಅವಕ್ಕೆ ಗೊತ್ತಿಲ್ಲ. ಗೊತ್ತಾಗೋದೂ ಬೇಡ.” ಆಯ್ತು ಎಂದಿದ್ದಳು ಡೋರೀನ್.

ಆಮೇಲೆ ಶರತ್ಕಾಲ ಬಂತು. ಒಂದು ಕಂತಿಗೆ ಕೊನೆಯೇ ಸಿಗದೆ ಮೇಜಿನ ಮುಂದೆ ಕೂತು ಉಗುರು ಕಚ್ಚುತ್ತಿದ್ದ ಒಂದು ಮಧ್ಯಾಹ್ನ ಅವಳ ಕೈ ಅದನ್ನು ಬರೆದುಬಿಟ್ಟಿತು. ತಿರುಗುಮುರುಗು ಮಾಡಿ ಬರೆದಿತ್ತು: ಹುಡುಗರು ಹೋಮ್‌ವರ್ಕ್ ತಪ್ಪಿಸಿಕೊಳ್ಳಲು ಒಬ್ಬರಿಗೊಬ್ಬರು ಕಣ್ಣು ಹೊಡೆದು “ನೋಡಿದ್ವಿ ಸಾರ್” ಎನ್ನುತ್ತಾರೆ, ಬಿಬ್ಬಿ ಪೂರಾ ನಂಬಿ ಖುಷಿಯಿಂದ ಎಲ್ಲರಿಗೂ ಚಾಕೊಲೇಟ್ ಹಂಚುತ್ತಾನೆ. ಇಷ್ಟು ಬದಲಾಯಿಸಿದ ಮೇಲೆ ಇದು ಅವನದ್ದೆಲ್ಲಿ ಉಳಿಯಿತು ಎಂದು ತನಗೇ ಹೇಳಿಕೊಂಡಳು. ಟೀವಿಯಲ್ಲಿ ಬರುವ ಮೊದಲು ಅವನಿಗೆ ಹೇಳಿದರಾಯಿತು ಎಂದೂ ಹೇಳಿಕೊಂಡಳು. ಪೈ ಬಡಿಸುತ್ತ ಇವತ್ತು ಹೇಳುತ್ತೇನೆ, ತಟ್ಟೆ ತೊಳೆಯುತ್ತ ನಾಳೆ ಹೇಳುತ್ತೇನೆ.

ವಿಲ್ಫ್ರೆಡ್ ಎಂದೂ ಸ್ಟುಡಿಯೋಗೆ ಬಂದವನಲ್ಲ. “ಬಿಬ್ಬೀನ ಮನೇಲೇ ನೋಡಿರ್ತೀನಲ್ಲ,” ಎನ್ನುತ್ತಿದ್ದ. ಇವತ್ತು ಅವರು ಭಾನುವಾರದ ಪ್ರಾರ್ಥನೆಗೆ ಹೋಗುವ ಚಾಪೆಲ್ಲಿನಿಂದ ಒಂದು ಬಸ್ಸಿನ ತುಂಬ ಜನ ಚಿತ್ರೀಕರಣ ನೋಡಲು ಹೊರಟಿದ್ದರು. ಅವರನ್ನು ಕರೆತರಬೇಕಾಗಿದ್ದ ಹಿರಿಯರಿಗೆ ಬೆಳಿಗ್ಗೆ ಸೊಂಟ ಹಿಡಿದುಕೊಂಡಿತು. ಆ ಕೆಲಸ ವಿಲ್ಫ್ರೆಡನ ಪಾಲಿಗೆ ಬಂತು.

ಡೋರೀನ್ ಲೋಟವನ್ನು ಏಣಿಯೊಂದರ ಮೆಟ್ಟಿಲ ಮೇಲಿಟ್ಟು ನಿರ್ಮಾಪಕ ರೋಜರ್ ಪ್ರಿಂಗಲನನ್ನು ಹುಡುಕಿಕೊಂಡು ಹೋದಳು. ಅವನು ಕೊರಳಿಗೆ ಸ್ಕಾರ್ಫ್ ಸುತ್ತಿಕೊಂಡು, ಪೆಪ್ಪರ್‌ಮಿಂಟ್ ಜಗಿಯುತ್ತ, ದೀಪದವನ ಜೊತೆ ಜಗಳಾಡುತ್ತಿದ್ದ.

“ರೋಜರ್, ಆ ಗ್ರಹಣದ ಕೊನೇ ಭಾಗ ತೆಗೆದ್ರೆ ಏನಾಗುತ್ತೆ?”

“ಮನುಷ್ಯನ ಎದೆಗೂಡು ತೆಗೆದ್ರೆ ಏನಾಗುತ್ತೋ ಅದಾಗುತ್ತೆ. ಯಾಕೆ ಚಿನ್ನ? ತಾಲೀಮಲ್ಲಿ ಕ್ಯಾಮೆರಾದವ್ರೇ ನಕ್ರು. ಅವ್ರು ತಮ್ಮ ಮದುವೇಲೂ ನಕ್ಕೋರಲ್ಲ.”

“ಸುಮ್ನೆ ಕೇಳ್ದೆ.”

“ಬರೆಯೋರು ಸುಮ್ನೆ ಏನೂ ಕೇಳಲ್ಲ. ಹೋಗು, ಒಂದು ಬಿಸ್ಕತ್ ತಿನ್ನು. ಮುಖ ಸೀಮೆಸುಣ್ಣ ಆಗಿದೆ.”

ಹೊರಗೆ ಸಾಲಿನಲ್ಲಿ ನಿಂತಿದ್ದ ಜನರನ್ನು ಒಳಗೆ ಬಿಟ್ಟರು. ಮಳೆಯಲ್ಲಿ ನೆನೆದ ಕೋಟುಗಳ ವಾಸನೆ ಒಳಗೆಲ್ಲ ಹಬ್ಬಿತು. ಡೋರೀನ್ ಗೋಡೆಯ ಸಂದಿಯಿಂದ ನೋಡಿದಳು. ಮುಂದಿನ ಸಾಲುಗಳಲ್ಲೇ ಚಾಪೆಲ್ಲಿನ ಹೆಂಗಸರು, ಅವರ ನಡುವೆ ವಿಲ್ಫ್ರೆಡ್. ಮಡಿಚಿದ ರೇನ್‌ಕೋಟನ್ನು ತೊಡೆಯ ಮೇಲಿಟ್ಟುಕೊಂಡು, ಕೈಗಳನ್ನು ಅದರ ಮೇಲಿಟ್ಟುಕೊಂಡು, ಯಾರದೋ ಮನೆಗೆ ಮೊದಲ ಸಲ ಬಂದವನಂತೆ ಕೂತಿದ್ದ.

ಡೋರೀನ್ ದೃಶ್ಯಗಳನ್ನು ಎಂದೂ ನೋಡುತ್ತಿರಲಿಲ್ಲ, ಕೇಳುತ್ತಿದ್ದಳು. ಚಿಕ್ಕವಳಿದ್ದಾಗ ಅಜ್ಜಿ ದಿನಾ ಸಂಜೆ ಬೈಬಲ್ಲಿನ ಕೀರ್ತನೆಗಳನ್ನು ಗಟ್ಟಿಯಾಗಿ ಹೇಳುತ್ತಿದ್ದರೆ ಕಾಲ ಬಳಿ ಕೂತು ಕೇಳಬೇಕಿತ್ತು. ಅರ್ಥ ತಿಳಿಯುವ ಮೊದಲೇ ಸಾಲು ಎಲ್ಲಿ ಉಸಿರು ಎಳೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಕಿವಿಗೆ ತಿಳಿದುಹೋಗಿತ್ತು. ಜನರ ನಗುವನ್ನೂ ಅವಳು ಹಾಗೆಯೇ ಕೇಳುತ್ತಿದ್ದಳು. ಇಂಥಾ ಕಡೆ ಏಳಬೇಕು, ಇಂಥಾ ಕಡೆ ತಗ್ಗಿ ಮುಂದಿನ ಮಾತಿಗೆ ಜಾಗ ಬಿಡಬೇಕು. ಇವತ್ತು ಮೊದಲ ದೃಶ್ಯಗಳಲ್ಲಿ ನಗು ಏಳಬೇಕಾದ ಕಡೆಯೆಲ್ಲ ಎದ್ದಿತು. ಬಿಬ್ಬಿಯ ಪಾತ್ರ ಮಾಡುತ್ತಿದ್ದ ಡೆಸ್ಮಂಡ್ ಫೇರ್ ಹುರುಪಿನಲ್ಲಿದ್ದ. ಡೋರೀನ್ ಮಾತ್ರ ಗೋಡೆಯ ಅಂಚಿನ ಬಣ್ಣವನ್ನು ಉಗುರಿನಿಂದ ಕೆರೆದು ಕೆರೆದು ಅಂಗೈಯಷ್ಟು ಬೋಳು ಮಾಡಿದ್ದಳು.

ಅಂಗಳದ ದೃಶ್ಯಕ್ಕೆ ಗೋಡೆಗಳನ್ನು ಬದಲಾಯಿಸಬೇಕಿತ್ತು. ಒಂದರ ಗಾಲಿ ತಂತಿಗೆ ಸಿಕ್ಕಿಕೊಂಡು ಕದಲದಾಯಿತು. ಇಂಥ ಹೊತ್ತಿಗೆಂದೇ ಒಬ್ಬ ಇರುತ್ತಾನೆ. ಜನರ ನಗು ಆರದಂತೆ ಕಾಯುವುದು ಅವನ ಕೆಲಸ. ಲೆನ್ ಡ್ಯಾಬಿ ಎಂದು ಅವನ ಹೆಸರು. ಮಿರುಗುವ ಕೋಟು ತೊಟ್ಟು, ಮೈಕು ಹಿಡಿದು, ಸಾಲುಗಳ ಮುಂದೆ ಓಡಾಡತೊಡಗಿದ.

“ಗೋಡೆಗೂ ಯೂನಿಯನ್ ಇದೆ ಸ್ವಾಮಿ, ಚಹಾ ಸಿಗೋ ತನಕ ಅಲ್ಲಾಡಲ್ಲ. ಎಲ್ಲಿ, ಮೇಷ್ಟ್ರು ಯಾರಾದ್ರೂ ಬಂದಿದೀರಾ? ಹೆದರ್ಕೋಬೇಡಿ, ಫೀಸ್ ಕೇಳಲ್ಲ.”

ಚಾಪೆಲ್ಲಿನ ಹೆಂಗಸರು ಒಬ್ಬರನ್ನೊಬ್ಬರು ತಿವಿದು, “ಇಲ್ಲಿದಾರೆ, ಇಲ್ಲಿದಾರೆ,” ಎಂದು ವಿಲ್ಫ್ರೆಡನ ಕಡೆ ಕೈ ತೋರಿಸಿದರು. ಬರೆದವಳ ಗಂಡ ಎಂಬುದು ಲೆನ್‌ಗೆ ಗೊತ್ತಿರಲಿಲ್ಲ. ಡೋರೀನ್ ಗೋಡೆಯ ಹಿಂದಿನಿಂದ ಅವನಿಗೆ ಬೇಡ ಬೇಡ ಎಂದು ಕೈ ಮಾಡಿದಳು. ಅವನು ಬೆನ್ನು ಹಾಕಿ ನಿಂತಿದ್ದ.

“ಏಳಿ ಮೇಷ್ಟ್ರೇ. ಏನ್ ಕಲಿಸ್ತೀರಿ?”

“ಭೂಗೋಳ. ಅಂದ್ರೆ, ಕಲಿಸೋಕೆ ಹೋಗ್ತೀನಿ.”

“ಈ ಬಿಬ್ಬಿ ಥರದೋರು ನಿಜವಾಗ್ಲೂ ಇರ್ತಾರಾ ಶಾಲೇಲಿ?”

“ಇರ್ತಾರೆ,” ಎಂದ ವಿಲ್ಫ್ರೆಡ್. “ದಿನಾ ಗಡ್ಡ ಹೆರೆಯೋವಾಗ ನೋಡ್ತೀನಿ.”

ನಗು ಎದ್ದಿತು. ಡೋರೀನ್ ಬರೆದ ಯಾವ ಸಾಲಿಗೂ ಆ ಸಂಜೆ ಅಷ್ಟು ನಗು ಎದ್ದಿರಲಿಲ್ಲ. ಲೆನ್‌ಗೆ ನಿಧಿ ಸಿಕ್ಕಂತಾಯಿತು.

“ಹಾಗಾದ್ರೆ ನೀವು ಮಾಡಿದ ಅತಿ ದೊಡ್ಡ ಎಡವಟ್ಟು ಯಾವ್ದು ಹೇಳಿ.”

ಕಪ್ಪೆಮರಿಯ ಕತೆ ಹೇಳು, ಎಂದು ಡೋರೀನ್ ಮನಸ್ಸಿನಲ್ಲೇ ಬೇಡಿಕೊಂಡಳು. ಹೆಡ್‌ಮಾಸ್ತರರ ಟೀ ಕೆಟಲಿನ ಕಪ್ಪೆಮರಿ ಹೇಳು ವಿಲ್ಫ್. ಆದರೆ ಕೇಳಿದ ಪ್ರಶ್ನೆಗೆ ಅಳೆದು ಸುರಿದು ನಿಜವಾದ ಜವಾಬು ಕೊಡುವುದು ಅವನ ಸ್ವಭಾವ. ಒಂದು ಕ್ಷಣ ಯೋಚಿಸಿ, ರಟ್ಟು, ಪಂಚಾಂಗ, ಅಂಗಳ, ದುಂಡನೆಯ ಸೂರ್ಯ, ಎಲ್ಲವನ್ನೂ ಹೇಳಿದ. ಗಡಿಯಾರದ ಮಾತು ಬಂದಾಗ ಜನ ತೊಡೆ ತಟ್ಟಿಕೊಂಡು ನಕ್ಕರು. ಪ್ರತಿ ವರ್ಷವೂ ಗಡಿಯಾರ ತಿರುಗಿಸಲು ಮರೆತು ಚಾಪೆಲ್ಲಿಗೆ ತಡವಾಗಿ ಬರುವ ಒಬ್ಬಾಕೆಯಂತೂ ಕಣ್ಣೊರೆಸಿಕೊಂಡಳು.

“ಆಮೇಲೆ? ಹುಡುಗ್ರು ನಿಮ್ಮ ಚರ್ಮ ಸುಲಿದಿರ್ಬೇಕು.”

“ಇಲ್ಲ.”

“ಮತ್ತೇನ್ ಮಾಡಿದ್ರು?”

“ಅದು ಅವರ ವಿಷಯ. ನಂದಲ್ಲ,” ಎಂದ ವಿಲ್ಫ್ರೆಡ್. “ಒಳ್ಳೇ ಮಕ್ಳು. ಅಷ್ಟು ಹೇಳ್ಬಹುದು ನಾನು.”

ಹೇಳಿ ಕೂತ. ಲೆನ್ ಚುಚ್ಚಿ ಏನೋ ಕೇಳಲು ಹೊರಟವನು ಅವನ ಮುಖ ನೋಡಿ ಬಿಟ್ಟುಬಿಟ್ಟ. ಆಮೇಲೆ ಚಪ್ಪಾಳೆ ಬಿತ್ತು. ಜೋರಾದದ್ದಲ್ಲ, ಮೆತ್ತಗಿನದು, ಬೇಗ ನಿಲ್ಲದ್ದು. ಅಷ್ಟರಲ್ಲಿ ಗಾಲಿ ಬಿಡಿಸಿಕೊಂಡಿತು. ಗೋಡೆ ಸರಿಯಿತು. ದೀಪಗಳು ಅಂಗಳದ ಮೇಲೆ ಹೊತ್ತಿಕೊಂಡವು.

ಡೋರೀನ್ ಅಲ್ಲಿಂದ ಓಡಿಹೋಗಬಹುದಿತ್ತು. ಗೋಡೆಯ ಸಂದಿಗೆ ಕಣ್ಣು ಹಚ್ಚಿ ನಿಂತಳು.

ಡೆಸ್ಮಂಡ್ ಪಂಚಾಂಗ ಹಿಡಿದು, ಗಡಿಯಾರ ನೋಡಿಕೊಂಡು, ಹುಡುಗರನ್ನು ಸಾಲಾಗಿ ನಿಲ್ಲಿಸಿದ ಕೂಡಲೇ ಜನಕ್ಕೆ ಗೊತ್ತಾಯಿತು. ಒಂದು ಗುಲ್ಲೆದ್ದಿತು. ತಲೆಗಳೆಲ್ಲ ವಿಲ್ಫ್ರೆಡನ ಕಡೆ ತಿರುಗಿ, ವೇದಿಕೆಯ ಕಡೆ ತಿರುಗಿ, ಮತ್ತೆ ಅವನ ಕಡೆ ತಿರುಗಿದವು. ಗಡಿಯಾರದ ತಮಾಷೆಗೆ ಎದ್ದ ನಗು ಮಾಡಿಗೆ ಬಡಿಯಿತು. ಚಿತ್ರೀಕರಣ ನಡೆಸುವವರು ಕೂರುವ ಮೇಲಿನ ಗಾಜಿನ ಕೋಣೆಯಲ್ಲಿ ರೋಜರ್ ಎದ್ದು ನಿಂತದ್ದು ಕಾಣಿಸಿತು.

ಆಮೇಲೆ ಹುಡುಗರ ಪಾತ್ರದವರು ಒಬ್ಬರಿಗೊಬ್ಬರು ಕಣ್ಣು ಹೊಡೆದರು. “ನೋಡಿದ್ವಿ ಸಾರ್,” ಎಂದರು.

ನಗು ಬರಲಿಲ್ಲ.

ಡೆಸ್ಮಂಡ್ ಅನುಭವಸ್ಥ; ಅದಕ್ಕೆಂದು ಜಾಗ ಬಿಟ್ಟು ಕಾದ. ಆ ಜಾಗ ಖಾಲಿಯಾಗಿಯೇ ಉಳಿಯಿತು. ಚಾಕೊಲೇಟ್ ಹಂಚತೊಡಗಿದ. ಯಾರೋ ಕೆಮ್ಮಿದರು. ಜನ ಈಗ ವಿಲ್ಫ್ರೆಡನ ಕಡೆ ತಿರುಗುತ್ತಿರಲಿಲ್ಲ. ತಿರುಗದೆ ಇರಲು ಎಲ್ಲರೂ ಕತ್ತು ಬಿಗಿಹಿಡಿದಿದ್ದರು. ಅವನೊಬ್ಬ ಮಾತ್ರ ನೆಟ್ಟಗೆ ವೇದಿಕೆಯನ್ನೇ ನೋಡುತ್ತ, ರೇನ್‌ಕೋಟಿನ ಮೇಲೆ ಕೈಯಿಟ್ಟುಕೊಂಡು, ಮೊದಲು ಹೇಗೆ ಕೂತಿದ್ದನೋ ಹಾಗೇ ಕೂತಿದ್ದ.

ಇನ್ನೊಮ್ಮೆ ಮಾಡಿಸಿದರು. ಮೊದಲ ಸಲ ನೋಡುತ್ತಿದ್ದೀರಿ ಎಂದುಕೊಂಡು ನಗಿ ಎಂದು ಲೆನ್ ಕೈಮುಗಿದ. ಸಂಭಾವಿತ ಜನ, ನಕ್ಕರು. ಕಾಣಿಕೆ ತಟ್ಟೆ ತಮ್ಮ ಮುಂದೆ ಬಂದಾಗ ಕೋಟಿನ ಜೇಬು ತಡಕುವವರ ಹಾಗೆ ನಕ್ಕರು. ಡೋರೀನಳ ಕಿವಿಗೆ ಅದು ಬರೀ ಮೌನಕ್ಕಿಂತ ಕೆಟ್ಟದಾಗಿ ಕೇಳಿಸಿತು.

ರೋಜರ್ ಕಬ್ಬಿಣದ ಮೆಟ್ಟಿಲು ದಡದಡ ಇಳಿದು ಬಂದ.

“ಸತ್ತೋಯ್ತು. ಯಾರು ಆ ಮೇಷ್ಟ್ರು? ಯಾವನು ಕರೆಸ್ದೋನು?”

“ನನ್ನ ಗಂಡ.”

ರೋಜರ್ ಕಣ್ಣು ಮುಚ್ಚಿ ತೆರೆದ. “ಸರಿ. ಬಿಬ್ಬಿ ಎಲ್ಲಿಂದ ಬಂದ ಅಂತ ಈಗ ಗೊತ್ತಾಯ್ತು. ಹುಡುಗ್ರು ನಿಜವಾಗಿ ಏನ್ ಮಾಡಿದ್ರು?”

“ನಾನು ಹೇಳೋ ಹಾಗಿಲ್ಲ.”

“ಇದಕ್ಕಿಂತ ಚೆನ್ನಾಗಿದ್ಯಾ?”

ಅವಳು ಹೌದೆಂದು ತಲೆಯಾಡಿಸಿದಳು. ಆ ಖಾಲಿ ಜಾಗದಲ್ಲಿ ನಿಜವಾದ ದೃಶ್ಯ ಅವಳಿಗೆ ಆಗಲೇ ಕೇಳಿಸಿಬಿಟ್ಟಿತ್ತು. ಕಣ್ಣು ಹೊಡೆಯುವುದಿಲ್ಲ. ಚಾಕೊಲೇಟಿಲ್ಲ. ಮಕ್ಕಳು ನೋಡಿದ್ವಿ ಎನ್ನುತ್ತವೆ, ಮೇಷ್ಟ್ರು ಕಿಟಕಿಯ ಕಡೆ ಒಮ್ಮೆ ನೋಡಿ, ಹಾಗಾದ್ರೆ ಚಿತ್ರ ಬರೀರಿ ಎನ್ನುತ್ತಾನೆ. ಅಷ್ಟೇ. ತಾನು ಬರೆದದ್ದರಲ್ಲೆಲ್ಲ ಅತ್ಯಂತ ಒಳ್ಳೆಯದು ತಾನು ಬರೆಯದ ಇದೇ ಎಂದು ಅವಳಿಗೆ ಗೊತ್ತಿತ್ತು.

“ಹಾಗಾದ್ರೆ ಹೋಗಿ ಕೇಳು ಅವನ್ನ,” ಎಂದ ರೋಜರ್. “ಮುಗಿದ ಕೂಡ್ಲೇ ಈ ಸೆಟ್ ಒಡೀತಾರೆ, ನಾಳೆ ಅಂದ್ರೆ ಆಗಲ್ಲ. ಜನಕ್ಕೆ ಚಹಾ ಕೊಡ್ಸಿ ಕೂರಿಸ್ಕೊಂಡಿರ್ತೀನಿ. ಇಲ್ಲಾಂದ್ರೆ ಈ ಕಂತು ಬುಟ್ಟಿಗೆ. ಮುಂದಿನ ವರ್ಷ ಟೀವೀಲಿ ನಮಗೆ ಜಾಗ ಕೊಡ್ಬೇಕೋ ಬೇಡ್ವೋ ಅಂತ ನೋಡೋಕೆ ದೊಡ್ಡೋರು ಮೇಲೆ ಕೂತಿದಾರೆ, ನೆನಪಿರ್ಲಿ.”

ವರಾಂಡದಲ್ಲಿ ಚಹಾದ ದೊಡ್ಡ ಹಂಡೆಯ ಸುತ್ತ ಜನ ನೆರೆದಿದ್ದರು. ಡೋರೀನ್ ಬಂದದ್ದು ಕಂಡು ಚಾಪೆಲ್ಲಿನ ಹೆಂಗಸರು ತಾವಾಗಿ ಗೋಡೆಯ ಮೇಲಿನ ನಟರ ಫೋಟೋಗಳನ್ನು ನೋಡಲು ಸರಿದು ಹೋದರು. ವಿಲ್ಫ್ರೆಡ್ ಕಾಗದದ ಕರವಸ್ತ್ರದಲ್ಲಿ ಒಂದು ಬನ್ ಹಿಡಿದು ನಿಂತಿದ್ದ.

“ನಿಂಗೆ ಅಂತ ಇಟ್ಕೊಂಡೆ. ಬೆಳಿಗ್ಗೆಯಿಂದ ಏನೂ ತಿಂದಿರಲ್ಲ ನೀನು.”

“ವಿಲ್ಫ್, ಹೇಳ್ಬೇಕು ಅಂತಿದ್ದೆ. ದಿನಾ ಅಂದ್ಕೊತಿದ್ದೆ.”

“ಏನೋ ಇದೆ ಅಂತ ಗೊತ್ತಿತ್ತು. ತಿಂಗಳಿಂದ ಪೈ ತಳ ಹತ್ತುತ್ತಿತ್ತಲ್ಲ.”

“ಬೈದ್ಬಿಡು.”

“ಇಲ್ಲಿ ಬೇಡ. ಇವ್ರೆಲ್ಲ ಫೋಟೋ ನೋಡೋ ಹಾಗೆ ನಟಿಸ್ತಿದಾರೆ, ಸುಸ್ತಾಗಿಬಿಡ್ತಾರೆ.”

ಅವಳು ಹೆಂಗಸರ ಕಡೆ ಒಮ್ಮೆ ನೋಡಿ ಅವನ ಹತ್ತಿರ ಸರಿದಳು. “ಅದನ್ನ ತೆಗೆದು ಹಾಕಿದ್ರು. ಟೀವೀಲಿ ಬರಲ್ಲ.”

ವಿಲ್ಫ್ರೆಡನ ಹೆಗಲು ಇಳಿದದ್ದು ಕೋಟಿನ ಮೇಲಿಂದಲೇ ಕಾಣಿಸಿತು. “ಒಳ್ಳೇದಾಯ್ತು,” ಎಂದ.

“ಅದ್ರ ಬದ್ಲು ನಿಜವಾಗಿ ನಡೆದದ್ದನ್ನ ಬರೀತೀನಿ. ಈಗಲೇ, ಇಲ್ಲೇ ನಿಂತು ಬರೀಬಲ್ಲೆ. ಒಂದು ಮಾತು ಹೆಚ್ಚಿಲ್ಲ, ಕಡಿಮೆ ಇಲ್ಲ. ನೀನು ನೋಡಿದ್ಯಲ್ಲ, ಈ ಜನ ಹೇಗೆ ಕೂತಿದ್ರು ಅಂತ. ನೀನು ಹೇಳದೇ ಇದ್ದದ್ದಕ್ಕೇ ಹಾಗೆ ಕೂತ್ರು. ಹೇಳಿದ್ರೆ ಆ ಮಕ್ಕಳನ್ನ ಇಡೀ ದೇಶ ಎತ್ತಿ ಆಡಿಸುತ್ತೆ ವಿಲ್ಫ್.”

“ಗುರುವಾರ ಅವ್ರೂ ನೋಡ್ತಾರೆ.”

“ನೋಡ್ಲಿ. ಅವರ ಬಗ್ಗೆ ನಿನ್ನ ಮನಸ್ಸಲ್ಲಿ ಏನಿದೆ ಅಂತ ತಿಳೀಲಿ. ತಪ್ಪೇನು?”

ವಿಲ್ಫ್ರೆಡ್ ಬನ್ನನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. “ಅವತ್ತಿಂದ ಅವ್ರು ನನ್ನನ್ನ ನೋಡ್ಕೊತಿದಾರೆ ಕಣೇ,” ಎಂದ, ತಗ್ಗಿದ ದನಿಯಲ್ಲಿ. “ನಾನು ಬೀಳೋಕೆ ಮುಂಚೇನೇ ಯಾರೋ ಬಂದು ಕುರ್ಚಿ ಹಿಡ್ಕೊಂಡಿರ್ತಾರೆ. ಆ ಕಡೆ ಮುಖ ಮಾಡ್ಕೊಂಡು, ಏನೋ ಬೇರೆ ಕೆಲ್ಸಕ್ಕೆ ಬಂದೋರ ಹಾಗೆ. ನಂಗೆ ಗೊತ್ತು ಅಂತ ತಿಳಿದ್ರೆ ನಾಚ್ಕೊಂಡು ನಿಲ್ಲಿಸ್ಬಿಡ್ತಾರೆ. ಹದಿಮೂರು ವರ್ಷದೋರು. ಒಳ್ಳೇತನ ಮಾಡಿ ಸಿಕ್ಕಿಬಿದ್ರೆ ಆ ವಯಸ್ಸಲ್ಲಿ ಹೇಗಿರುತ್ತೆ ಅಂತ ನಿಂಗೆ ಗೊತ್ತಿಲ್ವಾ?”

ವರಾಂಡದ ತುದಿಯ ಬಾಗಿಲಲ್ಲಿ ರೋಜರ್ ಕಾಣಿಸಿಕೊಂಡು ಮಣಿಕಟ್ಟಿನ ಗಡಿಯಾರವನ್ನು ಬೆರಳಿನಿಂದ ತಟ್ಟಿ ತೋರಿಸಿದ. ಒಳಗೆ ಲೆನ್ ಜನರನ್ನು ವಾಪಸು ಕರೆಯುತ್ತಿದ್ದ. ಹೆಂಗಸರು ಲೋಟಗಳನ್ನು ಇಡುತ್ತ ಒಬ್ಬೊಬ್ಬರಾಗಿ ಇವರನ್ನು ಹಾದು ಒಳಗೆ ಹೋಗತೊಡಗಿದರು. ಡೋರೀನ್ ಗಂಡನ ತೋಳು ಹಿಡಿದಳು. ಅವಳ ಬೆರಳುಗಳಿಗೆ ಗೋಡೆಯ ಬಣ್ಣ ಮೆತ್ತಿತ್ತು. ಅವನ ತೋಳಿಗೂ ಅಂಟಿತು.

“ಇದು ಹೋದ್ರೆ ಕಂತು ಹೋಗುತ್ತೆ. ಎಲ್ಲಾನೂ ಹೋಗ್ಬಹುದು. ಇನ್ಮೇಲೆ ಯಾವುದಕ್ಕೂ ನಿನ್ನ ಕೇಳಲ್ಲ, ಇದೊಂದಕ್ಕೆ ಹೂಂ ಅನ್ನು. ಹೂಂ ಅಂದ್ರೆ ಸಾಕು ವಿಲ್ಫ್.”

ವಿಲ್ಫ್ರೆಡ್ ಅವಳ ಕೈಯನ್ನು ತೋಳಿನಿಂದ ನಿಧಾನವಾಗಿ ಬಿಡಿಸಿ, ಅಂಗೈ ತೆರೆಸಿ, ಬನ್ನನ್ನು ಅದರಲ್ಲಿಟ್ಟ.

“ಅನ್ನಲ್ಲ,” ಎಂದ. “ಇಲ್ಲ ಡೋರೀನ್. ಅದನ್ನ ಕೊಡಲ್ಲ.”